ಕಾಯಿದೆಯ ಪರೀಕ್ಷೆ, ಕೆಲಸಗಾರನ ಪಾಡು

೨೦೨೫ರ ಜುಲಾಯಿ ತಿಂಗಳಿನಲ್ಲಿ ಎರಡು ವಾರ್ತೆಗಳು ಒಂದರ ಬೆನ್ನಿಗೆ ಒಂದು ಬಂದುವು. ಮಹಾರಾಷ್ಟ್ರದ ವಿಧಾನಮಂಡಲವು ಸಂಘಟಿತ ಅಪರಾಧ ನಿಯಂತ್ರಣದ ಕಾಯಿದೆಗೆ, ಎಂದರೆ ಜನರ ಬಾಯಲ್ಲಿ ‘ಮೋಕ್ಕಾ’ ಎಂದು ಹೆಸರಾದ ೧೯೯೯ರ ಶಾಸನಕ್ಕೆ, ತಿದ್ದುಪಡಿಯೊಂದನ್ನು ಅಂಗೀಕರಿಸಿ ಮಾದಕ ದ್ರವ್ಯಗಳ ವ್ಯವಹಾರವನ್ನು ಅದರ ವ್ಯಾಪ್ತಿಗೆ ತಂದಿತು. ಅದೇ ತಿಂಗಳು ಮುಂಬಯಿಯ ಸಾಕಿನಾಕಾ ಠಾಣೆಯ ಪೋಲೀಸರು ಮೈಸೂರಿನ ತನಕ ಹೋಗಿ, ಅಲ್ಲಿ ‘ಎಂ.ಡಿ.’ ಎಂಬ ಅಮಲಿನ ಪುಡಿಯನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದನ್ನು ಹಿಡಿದರು. ವಶವಾದ ಸರಕಿನ ಬೆಲೆ ಸುಮಾರು ೩೯೦ ಕೋಟಿ ರೂಪಾಯಿ ಎಂದು ಪೋಲೀಸರು ಹೇಳಿದರು.

ನಮ್ಮ ನಾಡಿನಿಂದ ಮುಂಬಯಿಗೆ ಬರುವುದೆಂದರೆ ಮೈಸೂರಿನ ಅಗರಬತ್ತಿ, ಚಿಕ್ಕಮಗಳೂರಿನ ಕಾಫಿ, ಕುಂದಾಪುರದ ಕುಚ್ಚಲಕ್ಕಿ, ಉಡುಪಿಯ ಮಲ್ಲಿಗೆ, ಮತ್ತು ಹೊಟ್ಟೆಪಾಡಿಗಾಗಿ ಮನೆ ಬಿಟ್ಟು ಹೊರಟ ಹುಡುಗರು ಎಂದು ತಿಳಿದಿದ್ದ ನಮ್ಮಂಥವರಿಗೆ ಈ ಎರಡನೆಯ ವಾರ್ತೆಯು ನಾಚಿಕೆಯನ್ನುಂಟುಮಾಡಿತು. ಮೊದಲನೆಯದರ ಕಡೆಗೆ ಮಾತ್ರ ನಮ್ಮಲ್ಲಿ ಹೆಚ್ಚಿನವರ ಗಮನ ಹೋಗಲಿಲ್ಲ. ‘ಅದು ದೊಡ್ಡ ದೊಡ್ಡ ಗ್ಯಾಂಗುಗಳ ಸುದ್ದಿ, ಇಡ್ಲಿ ಸಾಂಬಾರು ಬಡಿಸುವ ನಮಗೇನು?’ ಎಂದು ಮುಲುಂಡ್ ಸ್ಟೇಶನ್ನಿನ ಎದುರಿನ ಹೋಟೆಲೊಂದರ ಮೆನೇಜರರು ನಮ್ಮಲ್ಲಿ ಕೇಳಿದರು. ಅವರ ಪ್ರಶ್ನೆಗೆ ಉತ್ತರವಾಗಿ ಈ ಲೇಖನವನ್ನು ಬರೆಯಬೇಕಾಯಿತು.

ರೋಷವೂ ಶಾಸನವೂ

ಘೋರವಾದ ಕೃತ್ಯವೊಂದು ನಡೆದಾಗ ಜನರು ರೊಚ್ಚಿಗೇಳುವುದು ಸಹಜ. ಆ ರೋಷ ನ್ಯಾಯವಾದುದೂ ಹೌದು. ನಮ್ಮ ಹೆಣ್ಣುಮಕ್ಕಳೂ ಇಂದು ರಾತ್ರಿಪಾಳಿಯ ಕೆಲಸ ಮುಗಿಸಿ ಕಡೆಯ ಲೋಕಲ್ ಗಾಡಿಯಲ್ಲಿ ಇಳಿದು ಮನೆಗೆ ನಡೆದು ಬರುತ್ತಾರೆ. ಅವರ ದಾರಿ ಸುರಕ್ಷಿತವಾಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ರೋಷವು ಶಾಸನವಾಗಿ ಪರಿಣಮಿಸುವಾಗ ಅದರ ಭಾರ ಯಾರ ಹೆಗಲಿನ ಮೇಲೆ ಬೀಳುತ್ತದೆಂಬುದನ್ನು ನೋಡಿಕೊಳ್ಳುವುದು ವಿವೇಕ.

೨೦೧೨ರ ಆಗಸ್ಟಿನಲ್ಲಿ ವಡಾಳಾದ ಕಟ್ಟಡವೊಂದರಲ್ಲಿ ತರುಣ ವಕೀಲೆಯೊಬ್ಬರನ್ನು ಅದೇ ಕಟ್ಟಡದ ಕಾವಲುಗಾರನು ಕೊಂದನು. ಕಾವಲುಗಾರರ ಪೂರ್ವಾಪರವನ್ನು ಪೋಲೀಸರಿಂದ ಪರಿಶೀಲಿಸಬೇಕೆಂಬ ಕೂಗು ಊರೆಲ್ಲ ಕೇಳಿಸಿತು. ೨೦೨೧ರ ಸೆಪ್ಟೆಂಬರಿನಲ್ಲಿ ಸಾಕಿನಾಕಾದಲ್ಲಿ ಮಹಿಳೆಯೊಬ್ಬರ ಮೇಲೆ ಅಮಾನುಷ ಅತ್ಯಾಚಾರವಾಗಿ ಅವರು ಮೃತರಾದರು. ಅಂದಿನ ಮುಖ್ಯಮಂತ್ರಿ ಶ್ರೀ ಉದ್ಧವ ಠಾಕ್ರೆಯವರು ಪೋಲೀಸ್ ಅಧಿಕಾರಿಗಳ ಸಭೆಯಲ್ಲಿ, ಪರರಾಜ್ಯಗಳಿಂದ ಬರುವವರು ಎಲ್ಲಿಂದ ಬರುತ್ತಾರೆ, ಎಲ್ಲಿಗೆ ಹೋಗುತ್ತಾರೆ ಎಂಬುದರ ದಾಖಲೆಯನ್ನಿಡಬೇಕೆಂದು ಸೂಚಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ‘ಶಕ್ತಿ’ ಎಂಬ ಕಠಿಣ ವಿಧೇಯಕವನ್ನು ವಿಧಾನಮಂಡಲವು ಅಂಗೀಕರಿಸಿತು. ರಾಷ್ಟ್ರಪತಿಗಳ ಒಪ್ಪಿಗೆ ದೊರೆಯದೆ ಅದು ಕಾಯಿದೆಯಾಗಲಿಲ್ಲ. ವಿಧೇಯಕವು ಕಡತದಲ್ಲಿ ಉಳಿಯಿತು. ಪರರಾಜ್ಯದವನ ಮೇಲಿನ ಸಂಶಯವು ಬೀದಿಯಲ್ಲಿ ಉಳಿಯಿತು.

ಪರರಾಜ್ಯದವರೆಂದರೆ ಯಾರು? ಉತ್ತರ ಹಿಂದುಸ್ಥಾನದವರು ಮಾತ್ರವೇ? ಮೂರು ತಲೆಮಾರುಗಳಿಂದ ಈ ನಗರಕ್ಕೆ ಚಹಾ ಕಾಫಿ ಕೊಟ್ಟ ನಾವು ನಮ್ಮನ್ನು ಆ ಪಟ್ಟಿಯಿಂದ ಹೊರಗಿಟ್ಟುಕೊಂಡಿದ್ದೇವೆ. ಆದರೆ ನಿನ್ನೆ ತಾನೆ ಬಸ್ಸಿನಿಂದ ಇಳಿದ, ಮರಾಠಿ ಬಾರದ, ಹಿಂದಿ ಅರ್ಧಂಬರ್ಧ ತಿಳಿದ, ಹೋಟೆಲಿನ ಅಟ್ಟದ ಮೇಲೆ ಚಾಪೆ ಹಾಸಿಕೊಳ್ಳುವ ನಮ್ಮ ಹುಡುಗನು ಹವಾಲ್ದಾರನ ಕಣ್ಣಿಗೆ ಪರರಾಜ್ಯದವನೇ. ಹೊಸ ಕಾಯಿದೆಯೊಂದು ಬಂದಾಗಲೆಲ್ಲ ಮೊದಲು ಪರೀಕ್ಷೆಗೆ ನಿಲ್ಲುವವನು ಅವನು.

ಶೀಶೆಯ ಕಥೆ

ಅಪರಾಧವನ್ನು ತಡೆಯುವುದಕ್ಕಾಗಿ ಮೈಯೊಳಗಿನ ಅಮಲನ್ನು ಪರೀಕ್ಷಿಸುವ ಕ್ರಮವು ಮುಂಬಯಿಗೆ ಹೊಸತೇನೂ ಅಲ್ಲ. ೧೯೪೯ರ ಮುಂಬಯಿ ಪಾನನಿರೋಧ ಕಾಯಿದೆಗೆ ೧೯೫೯ರಲ್ಲಿ ಮಾಡಿದ ತಿದ್ದುಪಡಿಯಂತೆ, ಕುಡಿದಿರುವನೆಂಬ ಸಂಶಯಕ್ಕೆ ಒಳಗಾದವನನ್ನು ಡಾಕ್ಟರರ ಬಳಿಗೆ ಒಯ್ದು ರಕ್ತವನ್ನು ತೆಗೆಸಬಹುದಾಗಿತ್ತು. ರಕ್ತದಲ್ಲಿ ಮದ್ಯಸಾರವು ಶೇಕಡಾ ೦.೦೫ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ತಾನು ಕಾಯಿದೆಯನ್ನು ಮೀರಿಲ್ಲವೆಂದು ತೋರಿಸುವ ಹೊಣೆ ಆರೋಪಿಯ ಮೇಲೆಯೇ ಬೀಳುತ್ತಿತ್ತು.

ಕಾಯಿದೆ ಬಂದೊಡನೆ ಅದರ ಕಷ್ಟಗಳೂ ಬಂದುವು. ಧುಳೆಯಲ್ಲಿ ನಡೆದ ವಾಹನದ ಅಪಘಾತವೊಂದರ ಮೊಕದ್ದಮೆ ೧೯೬೩ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಇತ್ತು. ರಕ್ತವನ್ನು ತೆಗೆದಂದಿನಿಂದ ಪರೀಕ್ಷಕರ ಕೈ ಸೇರಿದಂದಿನ ತನಕ ಆ ಶೀಶೆ ಎಲ್ಲಿತ್ತು, ಯಾರ ವಶದಲ್ಲಿತ್ತು, ಹೇಗೆ ಕಾಪಾಡಲ್ಪಟ್ಟಿತ್ತು ಎಂಬ ಪ್ರಶ್ನೆಯೇ ಅಲ್ಲಿ ಮುಖ್ಯವಾಯಿತು. ೧೯೭೧ರಲ್ಲಿ ಮಹಾರಾಷ್ಟ್ರದ್ದೇ ಆದ ಇನ್ನೊಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಬಾಯಿಯ ವಾಸನೆ, ತೂರಾಡುವ ನಡಿಗೆ, ತೊದಲು ಮಾತು ಇವುಗಳಿಂದಲೇ ಒಬ್ಬನು ಕುಡಿದಿದ್ದನೆಂದು ನಿರ್ಣಯಿಸಲಾಗದು, ರಕ್ತ ಅಥವಾ ಮೂತ್ರದ ಪರೀಕ್ಷೆಯೇ ಖಚಿತವಾದ ಆಧಾರ ಎಂಬ ಅಭಿಪ್ರಾಯವನ್ನಿತ್ತಿತು. ಎರಡನ್ನೂ ಒಟ್ಟಿಗೆ ಓದಿದರೆ ಪಾಠ ಸ್ಪಷ್ಟ. ಪರೀಕ್ಷೆಯಿಲ್ಲದೆ ಶಿಕ್ಷಿಸಬಾರದು, ಪರೀಕ್ಷೆ ನಡೆದರೆ ಅದು ನಂಬಿಕೆಗೆ ಅರ್ಹವಾಗಿರಬೇಕು.

ಅರುವತ್ತು ವರ್ಷಗಳಾದರೂ ಈ ಪಾಠ ನಮಗೆ ಪೂರ್ಣವಾಗಿ ಮನದಟ್ಟಾಗಿಲ್ಲ. ೨೦೨೪ರ ಮೇ ೧೯ರಂದು ಪುಣೆಯ ಕಲ್ಯಾಣಿನಗರದಲ್ಲಿ ಶ್ರೀಮಂತ ಮನೆತನದ ಹದಿಹರೆಯದ ಹುಡುಗನೊಬ್ಬನ ಕಾರು ಇಬ್ಬರು ತರುಣ ಇಂಜಿನಿಯರರನ್ನು ಬಲಿ ತೆಗೆದುಕೊಂಡಿತು. ಆ ಹುಡುಗನ ರಕ್ತದ ಶೀಶೆಯನ್ನೇ ಬದಲಿಸಲಾಯಿತೆಂಬ ಆರೋಪದ ಮೇಲೆ ಸರಕಾರಿ ಆಸ್ಪತ್ರೆಯ ಡಾಕ್ಟರರನ್ನು ಪೋಲೀಸರು ಬಂಧಿಸಿದರು. ಹಣವುಳ್ಳವನ ಶೀಶೆಗೆ ಇಂಥ ಸ್ಥಿತಿ ಬರಬಹುದಾದರೆ, ಹಣವಿಲ್ಲದವನ ಶೀಶೆಯ ಕಾವಲಿಗೆ ಯಾರಿದ್ದಾರೆ?

ಮದ್ಯದ ವಿಚಾರವಾದರೂ ಸರಳ. ಉಸಿರಿನ ಯಂತ್ರವನ್ನು ಊದಿಸಿ, ರಕ್ತವನ್ನು ಅಳೆದು, ಇಷ್ಟು ಎಂದು ಹೇಳಬಹುದು. ೧೯೮೮ರ ಮೋಟಾರು ವಾಹನಗಳ ಕಾಯಿದೆಯು ಚಾಲಕನಿಗೆ ೧೦೦ ಮಿಲಿಲೀಟರ್ ರಕ್ತದಲ್ಲಿ ೩೦ ಮಿಲಿಗ್ರಾಂ ಎಂಬ ಮಿತಿಯನ್ನು ಹಾಕಿದೆ. ಗಾಂಜಾ ಅಥವಾ ಪುಡಿಯ ಸೇವನೆಗೆ ಅಂಥ ಅಳತೆಗೋಲು ಇಲ್ಲ. ಪೇಟೆಯಲ್ಲಿ ದೊರೆಯುವ ಮೂತ್ರಪರೀಕ್ಷೆಯ ಪಟ್ಟಿಯು ಅಮಲಿನ ಅವಶೇಷವನ್ನು ತೋರಿಸೀತು, ಸೇವಿಸಿದ ಗಳಿಗೆಯನ್ನು ತೋರಿಸದು. ಗಾಂಜಾದ ಅಂಶವು ನಿತ್ಯ ಸೇದುವವನ ಮೂತ್ರದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಕೊಡೀನ್ ಇರುವ ಕೆಮ್ಮಿನ ಔಷಧವನ್ನು ಕುಡಿದವನನ್ನು ಅಫೀಮು ಸೇವಿಸಿದವನೆಂದು ಅದೇ ಪಟ್ಟಿ ತೋರಿಸಬಹುದು. ಆದುದರಿಂದಲೇ ಪಟ್ಟಿಯಲ್ಲಿ ಗೆರೆ ಮೂಡಿದ ಬಳಿಕ ಪ್ರಯೋಗಶಾಲೆಯಲ್ಲಿ ಎರಡನೆಯ ಪರೀಕ್ಷೆ ಆಗಲೇಬೇಕೆಂಬುದು ವೈದ್ಯಶಾಸ್ತ್ರದ ನಿಯಮ. ಇನ್ನೊಂದು ವಿಪರ್ಯಾಸವೆಂದರೆ, ಇಂದು ಈ ನಗರವನ್ನು ಹೆಚ್ಚಾಗಿ ಕಾಡುತ್ತಿರುವ ಎಂ.ಡಿ. ಪುಡಿಯನ್ನು, ಅಂದರೆ ಮೆಫೆಡ್ರೋನನ್ನು, ಸಾಮಾನ್ಯ ಪಟ್ಟಿಗಳು ಅನೇಕ ಸಲ ಗುರುತಿಸುವುದೇ ಇಲ್ಲ. ಜ್ವರಕ್ಕೆ ಔಷಧ ಕುಡಿದವನು ಸಿಕ್ಕಿಬಿದ್ದು, ಪುಡಿ ಸೇವಿಸಿದವನು ಪಾರಾಗುವ ಸಂಭವವುಂಟು.

ವಿಮಾನಿಗೆ ಒಂದು ನ್ಯಾಯ

ಪರೀಕ್ಷೆಯೇ ಬೇಡವೆಂಬುದು ನಮ್ಮ ವಾದವಲ್ಲ. ಅದನ್ನು ಹೇಗೆ ನಡೆಸಬೇಕೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಳ್ಳೆಯ ಮಾದರಿಯೊಂದಿದೆ. ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು ೨೦೨೨ರ ಜನವರಿ ೩೧ರಿಂದ ವಿಮಾನ ಚಾಲಕರಿಗೂ ವಿಮಾನ ಸಂಚಾರ ನಿಯಂತ್ರಕರಿಗೂ ಮಾದಕ ಪದಾರ್ಥಗಳ ಪರೀಕ್ಷೆಯನ್ನು ಜಾರಿಗೆ ತಂದಿತು. ಪ್ರತಿ ವರ್ಷ ಶೇಕಡಾ ೧೦ ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ಪರೀಕ್ಷಿಸಬೇಕು. ಮೊದಲ ಪರೀಕ್ಷೆಯಲ್ಲಿ ಸಂಶಯ ಬಂದವನನ್ನು ಕೆಲಸದಿಂದ ದೂರವಿಟ್ಟು ಪ್ರಯೋಗಶಾಲೆಯ ದೃಢೀಕರಣಕ್ಕಾಗಿ ಕಾಯಬೇಕು. ದೃಢಪಟ್ಟರೆ ಮೊದಲ ಸಲ ಅವನನ್ನು ಚಿಕಿತ್ಸೆಗೆ ಕಳುಹಿಸುತ್ತಾರೆ. ಗುಣಹೊಂದಿ ಮರುಪರೀಕ್ಷೆಯಲ್ಲಿ ತೇರ್ಗಡೆಯಾದರೆ ಕೆಲಸಕ್ಕೆ ಮರಳಬಹುದು. ಎರಡನೆಯ ಸಲವಾದರೆ ಮೂರು ವರ್ಷ ಲೈಸೆನ್ಸು ಅಮಾನತು. ಮೂರನೆಯ ಸಲವಾದರೆ ರದ್ದು.

ನೂರಾರು ಜನರ ಪ್ರಾಣವನ್ನು ಕೈಯಲ್ಲಿ ಹಿಡಿದು ಹಾರುವವನಿಗೆ ಇಷ್ಟು ತಾಳ್ಮೆಯಿಂದ ನ್ಯಾಯವನ್ನು ಏರ್ಪಡಿಸಿದ ಸರಕಾರವನ್ನು ನಾವು ಅಭಿನಂದಿಸುತ್ತೇವೆ. ನಮ್ಮ ಪ್ರಶ್ನೆ ಇಷ್ಟೆ: ತಟ್ಟೆ ತೊಳೆಯುವವನಿಗೆ ಈ ನ್ಯಾಯ ಏಕಿರಬಾರದು? ಹೋಟೆಲಿನ ಧಣಿಯು ಕೆಲಸಗಾರರ ಮೂತ್ರವನ್ನು ಪರೀಕ್ಷಿಸಬೇಕೆಂದು ವಿಧಿಸುವ ಕಾಯಿದೆ ಇಂದು ಇಲ್ಲ. ಆದರೆ ಯಾವ ಕಾಯಿದೆಯೂ ಇಲ್ಲದೆ, ಕಣ್ಣು ಕೆಂಪಾಗಿದೆ ಎಂಬುದೊಂದೇ ಕಾರಣಕ್ಕೆ ಹುಡುಗನ ಪೆಟ್ಟಿಗೆಯನ್ನು ಬೀದಿಗೆ ಹಾಕುವ ಪದ್ಧತಿ ನಮ್ಮಲ್ಲಿ ಬಹಳ ಕಾಲದಿಂದ ನಡೆದು ಬಂದಿದೆ. ನಾಳೆ ಇನ್ನೊಂದು ಘೋರ ಕೃತ್ಯ ನಡೆದು, ಅದರ ಆರೋಪಿಯು ಹೋಟೆಲಿನವನೇ ಆಗಿದ್ದು, ಎಲ್ಲರನ್ನೂ ಪರೀಕ್ಷಿಸಿರೆಂಬ ಆಜ್ಞೆ ಹೊರಟರೆ, ಅದು ವಿಮಾನಿಯ ನಿಯಮದಂತೆ ಇರುವುದೋ, ಪೆಟ್ಟಿಗೆ ಎಸೆಯುವ ನಿಯಮದಂತೆ ಇರುವುದೋ? ನಾವು ಈಗಲೇ ಬಾಯಿ ತೆರೆಯಬೇಕಾಗಿರುವುದು ಈ ಕಾರಣಕ್ಕಾಗಿ.

ತರಬೇತಿ ಎಂಬ ಕಾಗದ

ಶಾಸನಕರ್ತರು ಪರೀಕ್ಷೆಯ ಜೊತೆಗೆ ತರಬೇತಿಯ ಮಾತನ್ನೂ ಆಡುತ್ತಾರೆ. ಖಾಸಗಿ ಕಾವಲು ಸಂಸ್ಥೆಗಳಿಗಾಗಿ ೨೦೦೫ರಲ್ಲಿ ಕೇಂದ್ರ ಸರಕಾರವು ಮಾಡಿದ ಕಾಯಿದೆಯನ್ನೂ ಅದರ ಮಾದರಿ ನಿಯಮಗಳನ್ನೂ ನೋಡಿರಿ. ಕಾವಲುಗಾರನಿಗೆ ೧೦೦ ಗಂಟೆಗಳ ಪಾಠ, ೬೦ ಗಂಟೆಗಳ ಪ್ರತ್ಯಕ್ಷ ಅಭ್ಯಾಸ, ಒಟ್ಟು ಕಡಿಮೆಯೆಂದರೆ ೨೦ ಕೆಲಸದ ದಿನಗಳು. ಓದಲು ಬಹಳ ಚೆನ್ನಾಗಿದೆ. ಆದರೆ ಮುಲುಂಡಿನ ಯಾವುದಾದರೊಂದು ಸೊಸೈಟಿಯ ಗೇಟಿನಲ್ಲಿ ಸ್ಟೂಲಿನ ಮೇಲೆ ಕುಳಿತಿರುವ ಮುದುಕನನ್ನು, ನಿನಗೆ ಎಷ್ಟು ಗಂಟೆ ಪಾಠವಾಯಿತಪ್ಪಾ ಎಂದು ಕೇಳಿದರೆ ಅವನು ನಮ್ಮ ಮುಖವನ್ನೇ ನೋಡಿಯಾನು. ಸಂಸ್ಥೆಯ ಮೂಲಕವಲ್ಲದೆ ಸೊಸೈಟಿಯವರು ತಾವೇ ನೇಮಿಸಿಕೊಂಡವನಾದರೆ ಆ ಕಾಯಿದೆಯು ಅವನನ್ನು ಮುಟ್ಟುವುದೂ ಇಲ್ಲ.

ಇತರರ ಹುಳುಕನ್ನು ಎತ್ತಿ ತೋರಿಸುವ ಮೊದಲು ನಮ್ಮ ಮನೆಯನ್ನು ಗುಡಿಸಿಕೊಳ್ಳಬೇಕು. ಆಹಾರ ಸುರಕ್ಷತೆಯ ೨೦೧೧ರ ನಿಯಮಗಳಂತೆ ಹೋಟೆಲಿನಲ್ಲಿ ಆಹಾರವನ್ನು ಮುಟ್ಟುವ ಪ್ರತಿಯೊಬ್ಬನಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕು. ಇದಲ್ಲದೆ ೨೫ ಮಂದಿ ಕೆಲಸಗಾರರಿಗೆ ಒಬ್ಬನಂತೆ ತರಬೇತಿ ಹೊಂದಿದ ಮೇಲ್ವಿಚಾರಕನಿರಬೇಕು. ಎಂದರೆ, ಪರೀಕ್ಷೆ ಮತ್ತು ತರಬೇತಿಯ ಕಾಯಿದೆ ನಮ್ಮ ಅಡಿಗೆಮನೆಗೆ ಆಗಲೇ ಬಂದಿದೆ. ಅದನ್ನು ನಾವು ಹೇಗೆ ನಡೆಸಿದೆವು?

ನಾನು ಹೋಟೆಲು ನಡೆಸುತ್ತಿದ್ದಾಗ ಹದಿನಾಲ್ಕು ಮಂದಿಯ ಪ್ರಮಾಣಪತ್ರಗಳಿಗೆ ಡಾಕ್ಟರರೊಬ್ಬರು ಗಲ್ಲಾದ ಬದಿಯಲ್ಲಿ ಕುಳಿತು, ಒಬ್ಬನ ನಾಡಿಯನ್ನೂ ಮುಟ್ಟದೆ, ಕಾಫಿ ಮುಗಿಯುವುದರೊಳಗೆ ಸಹಿ ಹಾಕಿ ಹೋದರು. ಪ್ರತಿಯೊಂದರಲ್ಲಿಯೂ ‘ಆರೋಗ್ಯವಂತನು’ ಎಂದಿತ್ತು. ಅವರಲ್ಲಿ ಒಬ್ಬನಿಗೆ ಕೆಮ್ಮು ತಿಂಗಳಿಂದ ನಿಂತಿರಲಿಲ್ಲ. ನನಗೆ ಅದು ಗೊತ್ತಿತ್ತು. ಕಾಗದವನ್ನು ಗೋಡೆಗೆ ತೂಗಿಹಾಕಿ ಸುಮ್ಮನಾದೆ. ತಪ್ಪು ಡಾಕ್ಟರರದಷ್ಟೇ ಅಲ್ಲ, ನನ್ನದೂ ಹೌದು. ಪರೀಕ್ಷೆಯಾಗಲಿ ತರಬೇತಿಯಾಗಲಿ ಕಾಗದವಾಗಿ ಬಿಡುವುದು ಹೀಗೆ. ಸರಕಾರಕ್ಕೆ ಕಾಗದ ಸಾಕು, ಧಣಿಗೆ ಕಾಗದ ಅಗ್ಗ, ಕೆಲಸಗಾರನಿಗೆ ಅದರಲ್ಲಿ ಏನು ಬರೆದಿದೆ ಎಂಬುದೂ ತಿಳಿಯದು.

ಒಬ್ಬ ಹುಡುಗ

೨೦೧೬ರ ಮಳೆಗಾಲದಲ್ಲಿ ನಡೆದ ಸಂಗತಿಯನ್ನು ಹೇಳದೆ ಈ ಲೇಖನವನ್ನು ಮುಗಿಸುವುದು ಪ್ರಾಮಾಣಿಕವಾಗದು. ಬೈಂದೂರು ಕಡೆಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ನನ್ನಲ್ಲಿ ಸಪ್ಲೈಯರನಾಗಿದ್ದ. ಚುರುಕು ಕೈ, ನಗುಮುಖ. ಗಿರಾಕಿಗಳು ಅವನ ಮೇಜನ್ನೇ ಹುಡುಕಿಕೊಂಡು ಬರುತ್ತಿದ್ದರು. ಆ ವರ್ಷ ಅವನು ಬಡವಾಗತೊಡಗಿದ. ಊಟ ಬಿಟ್ಟ. ರಾತ್ರಿ ನಿದ್ದೆಯಿಲ್ಲ, ಹಲ್ಲು ಕಡಿಯುತ್ತಿದ್ದ, ವಾರಕ್ಕೆ ಎರಡು ಸಲ ಮುಂಗಡ ಕೇಳುತ್ತಿದ್ದ. ಜೊತೆಯವರಿಗೆ ಗೊತ್ತಿತ್ತು, ಹೇಳಲಿಲ್ಲ. ನಾನು ಕಂಡೆ, ಕೇಳಲಿಲ್ಲ. ಒಂದು ರಾತ್ರಿ ಬಾಗಿಲು ಹಾಕಿದ ಮೇಲೆ ಚಾದರದ ವಿಚಾರವಾಗಿ ಮಾತಿಗೆ ಮಾತು ಬೆಳೆದು, ತರಕಾರಿ ಹೆಚ್ಚುವ ಚೂರಿಯಿಂದ ಜೊತೆಯವನ ತೋಳಿಗೆ ಹೊಡೆದ. ಒಂಬತ್ತು ಹೊಲಿಗೆಗಳು ಬಿದ್ದುವು. ಬೆಳಗಾಗುವುದರೊಳಗೆ ನಾನು ಅವನ ಲೆಕ್ಕ ಮುಗಿಸಿ, ಊರಿನ ಬಸ್ಸಿಗೆ ದುಡ್ಡು ಕೊಟ್ಟು ಹೊರಡಿಸಿದೆ. ಪೋಲೀಸರಿಗೆ ಒಪ್ಪಿಸಲಿಲ್ಲವಲ್ಲಾ, ಉಪಕಾರ ಮಾಡಿದೆ ಎಂದು ನನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಎರಡು ತಿಂಗಳ ಬಳಿಕ ಅವನ ತಂದೆಯ ಫೋನು ಬಂತು. ‘ಮಗ ಹಣ ಕಳುಹಿಸಲಿಲ್ಲ, ಹುಷಾರಿದ್ದಾನೆಯೇ ಧಣಿ?’ ಎಂದು ಆ ಮುದುಕರು ಕೇಳಿದರು. ಹುಡುಗ ಊರಿಗೆ ಹೋಗಿಯೇ ಇರಲಿಲ್ಲ.

ಆ ದಿನಗಳಲ್ಲಿ ಯಾವ ಪರೀಕ್ಷೆಯ ಅಗತ್ಯವೂ ನನಗಿರಲಿಲ್ಲ. ನೋಡುವ ಕಣ್ಣಿಗೆ ಎಲ್ಲವೂ ಕಾಣಿಸುತ್ತಿತ್ತು. ಕಂಡುದನ್ನು ಏನೆಂದು ಕರೆಯಬೇಕು, ಯಾರಲ್ಲಿಗೆ ಒಯ್ಯಬೇಕು ಎಂಬ ತಿಳಿವಳಿಕೆ ಇರಲಿಲ್ಲ. ತರಬೇತಿ ಎಂಬುದಕ್ಕೆ ನಾನು ಕೊಡುವ ಅರ್ಥ ಅಷ್ಟೆ. ಆ ತಿಳಿವಳಿಕೆ ಮೂರು ತಿಂಗಳು ಮೊದಲು ನನಗಿದ್ದಿದ್ದರೆ ಒಬ್ಬನ ತೋಳು ಉಳಿಯುತ್ತಿತ್ತು, ಇನ್ನೊಬ್ಬನ ಬಾಳು ಉಳಿಯುತ್ತಿತ್ತೋ ಏನೋ.

ಕಾಯಿದೆಯಲ್ಲಿ ತೆರೆದಿರುವ ಬಾಗಿಲು

ಅಂದಿಗೂ ಕಾಯಿದೆಯಲ್ಲಿ ಒಂದು ಬಾಗಿಲು ತೆರೆದೇ ಇತ್ತು. ೧೯೮೫ರ ಮಾದಕ ದ್ರವ್ಯಗಳ ಕಾಯಿದೆಯ ೨೭ನೆಯ ಕಲಮಿನಂತೆ ಸೇವನೆಯು ಶಿಕ್ಷಾರ್ಹ ಅಪರಾಧ: ಕೊಕೇನ್, ಮಾರ್ಫಿನ್, ಹೆರಾಯಿನ್‌ಗಳಾದರೆ ಒಂದು ವರ್ಷದ ತನಕ, ಉಳಿದವುಗಳಿಗೆ ಆರು ತಿಂಗಳ ತನಕ ಸಜೆ, ಅಥವಾ ದಂಡ, ಅಥವಾ ಎರಡೂ. ಆದರೆ ಅದೇ ಕಾಯಿದೆಯ ೬೪ಎ ಕಲಮು ಹೇಳುವುದೇನೆಂದರೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕಾಗಿ ಆರೋಪಕ್ಕೊಳಗಾದ ವ್ಯಸನಿಯು ತಾನಾಗಿಯೇ ಮುಂದೆ ಬಂದು, ಸರಕಾರವು ನಡೆಸುವ ಅಥವಾ ಮನ್ನಣೆಯಿತ್ತ ಸಂಸ್ಥೆಯಲ್ಲಿ ಚಿಕಿತ್ಸೆಯನ್ನು ಪಡೆದರೆ ಅವನ ಮೇಲೆ ಆ ಅಪರಾಧಕ್ಕಾಗಿ ಮೊಕದ್ದಮೆ ನಡೆಯಬಾರದು. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಈ ರಕ್ಷಣೆ ತಪ್ಪಿಹೋಗಬಹುದು. ಚೂರಿಯಿಂದ ಹೊಡೆದ ಅಪರಾಧಕ್ಕೆ ಈ ರಿಯಾಯಿತಿಯಿಲ್ಲವೆಂಬುದನ್ನೂ ಮರೆಯಬಾರದು. ಆದುದರಿಂದ ಚೂರಿಯ ರಾತ್ರಿಗೆ ಮೊದಲೇ ಆ ಬಾಗಿಲನ್ನು ತಟ್ಟಬೇಕು.

ಈಗ ಆ ಮೆನೇಜರರ ಪ್ರಶ್ನೆಗೆ ಬರುತ್ತೇವೆ. ದೊಡ್ಡ ಗ್ಯಾಂಗಿನ ಕಾಯಿದೆ ನಮ್ಮ ಹುಡುಗನಿಗೆ ಹೇಗೆ ತಟ್ಟುತ್ತದೆ? ಪುಡಿಯ ವ್ಯಾಪಾರಿಗಳಿಗೆ ಬೇಕಾದುದು ಸಂಶಯ ಬಾರದ ಕೈಗಳು. ಪಾರ್ಸೆಲು ಒಯ್ಯುವ ಹುಡುಗನ ಕೈಗಿಂತ ನಿರಪಾಯವಾದ ಕೈ ಇನ್ನಾವುದು? ‘ಈ ಪೊಟ್ಟಣವನ್ನು ಚೆಕ್‌ನಾಕಾದ ಬಳಿ ಕೊಟ್ಟು ಬಾ, ನೂರು ರೂಪಾಯಿ ಇಟ್ಟುಕೋ’ ಎಂದರೆ ಸಾಕು. ಮೆಫೆಡ್ರೋನನ್ನು ೨೦೧೫ರ ಫೆಬ್ರವರಿಯಲ್ಲಿ ೧೯೮೫ರ ಕಾಯಿದೆಯೊಳಗೆ ಸೇರಿಸಿದರು. ಅದರಲ್ಲಿ ೨ ಗ್ರಾಮಿನ ತನಕ ಅಲ್ಪ ಪ್ರಮಾಣ. ೫೦ ಗ್ರಾಮಿನಿಂದ ವ್ಯಾಪಾರ ಪ್ರಮಾಣ, ಅದಕ್ಕೆ ಕಡಿಮೆಯೆಂದರೆ ಹತ್ತು ವರ್ಷಗಳ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿ ದಂಡ. ‘ಪೊಟ್ಟಣದಲ್ಲಿ ಏನಿತ್ತೆಂದು ನನಗೆ ತಿಳಿದಿರಲಿಲ್ಲ’ ಎಂಬುದನ್ನು ಸಿದ್ಧಪಡಿಸುವ ಹೊಣೆಯನ್ನು ಈ ಕಾಯಿದೆಯು ಆರೋಪಿಯ ಮೇಲೆಯೇ ಹೊರಿಸಿದೆ. ಅದರ ಮೇಲೆ ಮೋಕ್ಕಾವನ್ನೂ ಹಚ್ಚಿದರೆ ಜಾಮೀನು ದುರ್ಲಭ, ದೋಷಾರೋಪ ಪತ್ರಕ್ಕೆ ೧೮೦ ದಿನಗಳವರೆಗೆ ಅವಕಾಶ, ಹಿರಿಯ ಪೋಲೀಸ್ ಅಧಿಕಾರಿಯ ಮುಂದೆ ಆಡಿದ ತಪ್ಪೊಪ್ಪಿಗೆಯೂ ಸಾಕ್ಷ್ಯ. ಕೂಟದ ಮೇಲೆ ಹತ್ತು ವರ್ಷಗಳೊಳಗೆ ಒಂದಕ್ಕಿಂತ ಹೆಚ್ಚು ದೋಷಾರೋಪ ಪತ್ರಗಳಿರಬೇಕೆಂಬ ನಿಬಂಧನೆಯುಂಟು, ನಿಜ. ಆದರೆ ಅದು ಕೂಟಕ್ಕೆ ಸಂಬಂಧಿಸಿದ ಲೆಕ್ಕ, ಪೊಟ್ಟಣವನ್ನು ಹೊತ್ತವನ ಪೂರ್ವಚರಿತ್ರೆ ಶುದ್ಧವಾಗಿದೆ ಎಂಬುದೊಂದರಿಂದಲೇ ಅವನು ಪಾರಾಗಲಾರ.

ಕಾಯಿದೆಯು ಕೊಟ್ಟಿರುವ ಹಕ್ಕುಗಳನ್ನೂ ತಿಳಿದಿರಬೇಕು. ಮಾದಕ ದ್ರವ್ಯದ ಸಂಶಯದ ಮೇಲೆ ಮೈಯನ್ನು ಶೋಧಿಸುವ ಮೊದಲು, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ಶೋಧನೆಯಾಗಲೆಂದು ಕೇಳುವ ಹಕ್ಕು ನಿನಗಿದೆ ಎಂದು ಪೋಲೀಸನು ತಿಳಿಸಬೇಕು. ೫೦ನೆಯ ಕಲಮಿನ ಈ ಮಾತನ್ನು ಸರ್ವೋಚ್ಚ ನ್ಯಾಯಾಲಯವು ಹಲವು ಸಲ ಎತ್ತಿಹಿಡಿದಿದೆ. ಆದರೆ ಇದು ಮೈಶೋಧನೆಗೆ ಮಾತ್ರ, ಕೈಚೀಲಕ್ಕೆ ಅನ್ವಯಿಸದು. ಬಂಧನದಲ್ಲಿರುವವನಿಗೆ, ಅವನು ಯಾವ ರಾಜ್ಯದವನೇ ಆಗಿರಲಿ, ಉಚಿತ ವಕೀಲರ ನೆರವು ಸಿಗಬೇಕೆಂದು ೧೯೮೭ರ ಕಾನೂನು ಸೇವೆಗಳ ಕಾಯಿದೆ ವಿಧಿಸಿದೆ. ಅದಕ್ಕೆ ಫೋನು ೧೫೧೦೦. ವ್ಯಸನದಿಂದ ಬಿಡಿಸಿಕೊಳ್ಳಲು ಸಲಹೆ ಬೇಕಾದವರಿಗೆ ಕೇಂದ್ರ ಸರಕಾರದ ಫೋನು ೧೪೪೪೬. ಈ ಎರಡು ಅಂಕೆಗಳನ್ನು ವಾಚಕರು ಕತ್ತರಿಸಿ, ಅಟ್ಟದ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಬೇಕೆಂದು ಕೋರುತ್ತೇವೆ.

ನಾವು ಮಾಡಬೇಕಾದುದು

ಸರಕಾರದೊಡನೆ ನಮ್ಮ ಬೇಡಿಕೆ ಸರಳವಾದುದು. ಕೆಲಸಗಾರರಿಗೆ ಪರೀಕ್ಷೆಯ ಕಾಯಿದೆ ಬರುವುದಾದರೆ ಅದು ವಿಮಾನಿಯ ನಿಯಮದ ಜಾಡಿನಲ್ಲಿ ಬರಲಿ: ಪ್ರಯೋಗಶಾಲೆಯ ದೃಢೀಕರಣ, ಮೊದಲ ಸಲ ಚಿಕಿತ್ಸೆ, ಗುಣಹೊಂದಿದವನಿಗೆ ಮರಳಿ ಕೆಲಸ. ಶೀಶೆಯನ್ನು ತೆಗೆಯುವವನಿಗೂ ಕಾಯುವವನಿಗೂ ತರಬೇತಿಯಾಗಲಿ. ಪರೀಕ್ಷಿಸಲ್ಪಡುವವನಿಗೆ ಮಾತ್ರವೇ ಪಾಠ ಹೇಳಿದರೆ ಸಾಲದು.

ನಮ್ಮ ಹೊಣೆ ಇದಕ್ಕಿಂತ ದೊಡ್ಡದು. ಒಂದು ಕಾಲದಲ್ಲಿ ಹಗಲು ತಟ್ಟೆ ತೊಳೆದು ರಾತ್ರಿ ಶಾಲೆಗೆ ಹೋದ ಹುಡುಗರಿಂದಲೇ ಈ ನಗರದಲ್ಲಿ ಕನ್ನಡಿಗರ ಬ್ಯಾಂಕು, ಕಛೇರಿ, ವಕೀಲಿಕೆಗಳು ಬೆಳೆದುವು. ಕನ್ನಡದ ರಾತ್ರಿಶಾಲೆಗಳನ್ನು ನಡೆಸಿದವರು ನಮ್ಮ ಸಂಘಗಳೇ. ಕೆಲಸ ಮುಗಿದ ಹುಡುಗನಿಗೆ ಹೋಗಲು ಒಂದು ಸ್ಥಳವಿತ್ತು, ಕಾಯುವ ಒಬ್ಬ ಮೇಷ್ಟರಿದ್ದರು. ಇಂದು ಆ ಹೊತ್ತಿನಲ್ಲಿ ಅವನಿಗಿರುವುದು ಕೈಯಲ್ಲಿನ ಫೋನು ಮತ್ತು ಸ್ಟೇಶನ್ನಿನ ಸೇತುವೆಯ ಕೆಳಗಿನ ಕತ್ತಲೆ. ಆ ಶಾಲೆಗಳನ್ನು ಮೊದಲಿನಂತೆ ನಡೆಸುವುದು ಸುಲಭವಲ್ಲ ಎಂಬುದನ್ನು ಬಲ್ಲೆವು. ಆದರೆ ತಿಂಗಳಿಗೆ ಒಂದು ಸೋಮವಾರ, ಹೋಟೆಲು ಬಾಗಿಲು ಹಾಕಿದ ಮೇಲೆ, ಒಬ್ಬ ಡಾಕ್ಟರರನ್ನೂ ಒಬ್ಬ ವಕೀಲರನ್ನೂ ಕರೆಸಿ, ಕನ್ನಡದಲ್ಲಿ, ತುಳುವಿನಲ್ಲಿ, ಒಂದು ಗಂಟೆ ಮಾತನಾಡಿಸುವುದು ಕಷ್ಟವೇ? ಇಪ್ಪತ್ತೈದು ಮಂದಿಗೆ ಒಬ್ಬ ಆಹಾರದ ಮೇಲ್ವಿಚಾರಕನಿರಬೇಕೆಂದು ಕಾಯಿದೆ ಹೇಳುತ್ತದೆ. ಇಪ್ಪತ್ತೈದು ಮಂದಿಗೆ ಒಬ್ಬನಾದರೂ, ಜೊತೆಯವನ ಮುಖ ಬಾಡಿದುದನ್ನು ಕಂಡು ‘ಏನಾಯಿತು ಮಾರಾಯ?’ ಎಂದು ಕೇಳಬಲ್ಲವನು ಇರಲೆಂದು ನಾವು ಹೇಳುತ್ತೇವೆ. ಇದಕ್ಕೆ ವಿಧಾನಮಂಡಲದ ಅಪ್ಪಣೆ ಬೇಕಾಗಿಲ್ಲ.

ಮುಲುಂಡಿನ ಹೋಟೆಲು ಬಂಧುಗಳು, ಧಣಿಗಳೂ ಕೆಲಸಗಾರರೂ ಒಟ್ಟಾಗಿ, ತಮ್ಮ ಸಂಘಗಳ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕು. ಮೊದಲ ಸೋಮವಾರದ ಚಹಾದ ಖರ್ಚು ನಮ್ಮದಿರಲಿ. ಬೈಂದೂರಿನ ಆ ತಂದೆಗೆ ನಾನು ಅಂದು ಫೋನಿನಲ್ಲಿ ಉತ್ತರ ಕೊಡಲಾಗಲಿಲ್ಲ. ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಅಂಥ ಫೋನು ಇನ್ನೊಬ್ಬ ಧಣಿಗೆ ಬಾರದಿರಲಿ, ಅಂಥ ಪ್ರಶ್ನೆಯನ್ನು ಇನ್ನೊಬ್ಬ ತಂದೆ ಕೇಳುವಂತಾಗದಿರಲಿ.